ಚಾವಿ ಕೇಳುತ್ತಿದ್ದ ನರ್ಸಮ್ಮ

ನಮ್ಮ ಓಣಿಯ ಮೂಲೆಯಲ್ಲಿರುವ ಕರೆಂಟಿನ ಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ನಡುವೆ ನರ್ಸಮ್ಮನ ಫೋಟೋ. ಯಾವುದೋ ಗುರುತಿನ ಚೀಟಿಯಿಂದ ಹಿಗ್ಗಿಸಿ ತೆಗೆದದ್ದು, ಮುಖ ಊದಿಕೊಂಡಂತೆ ಕಾಣುತ್ತದೆ. ಕೆಳಗೆ ‘ಓಣಿಯ ತಾಯಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂದಿದೆ. ಅದರ ಕೆಳಗೆ ಕೈ ಮುಗಿದು ನಿಂತ ನಮ್ಮ ಮನೆ ಮಾಲೀಕರಾದ ಸಾವ್ಕಾರ್ರ ಫೋಟೋ, ಸತ್ತವರ ಫೋಟೋಗಿಂತ ದೊಡ್ಡದು. ಫ್ಲೆಕ್ಸನ್ನು ಬಿಗಿದದ್ದು ಹಗ್ಗದಿಂದಲ್ಲ, ಕಬ್ಬಿಣದ ತಂತಿಯಿಂದ. ಗಾಳಿ ಬೀಸಿದಾಗಲೆಲ್ಲ ಅದರ ಮೇಲಿನ ತುದಿ ಮನೆಗಳಿಗೆ ಹೋಗುವ ವೈರಿಗೆ ಬಡಿದು ಬರುತ್ತದೆ. ನರ್ಸಮ್ಮ ಬದುಕಿದ್ದರೆ ಲೈನ್‌ಮನ್‌ನನ್ನು ಕರೆಸಿ, ಲೈನ್ ಬಂದ್ ಮಾಡಿಸಿ, ಅದನ್ನು ಬಿಚ್ಚಿಸಿ ಸಾವ್ಕಾರ್ರ ಬಾಗಿಲಿಗೆ ಎಸೆದು ಬರುತ್ತಿದ್ದರು. ಈಗ ಆ ಕೆಲಸ ನಾನು ಮಾಡಬೇಕು. ಮಾಡುತ್ತೇನೆ. ಅದಕ್ಕೂ ಮೊದಲು ಇದನ್ನು ಬರೆಯುತ್ತೇನೆ, ಯಾಕೆಂದರೆ ಅದನ್ನು ನೋಡಿದಾಗಿನಿಂದ ನನ್ನ ಮೈಯೆಲ್ಲ ಉರಿಯುತ್ತಿದೆ.

ತಾಯಿಯಂತೆ! ಆಕೆಯನ್ನು ಯಾರಾದರೂ ತಾಯಿ ಅಂದರೆ ಸಿಡಿದು ಬೀಳುತ್ತಿದ್ದರು. ‘ತಾಯಿ ಅಂದು ಕೈ ಮುಗದ್ರ ಕೆಲಸ ಮುಗೀತಂತ ತಿಳಕೊಂಡೀರೇನು? ಮೊದಲ ಆ ಹರಕ ವೈರ್ ಬದಲಾಯಿಸ್ರಿ’ ಎನ್ನುತ್ತಿದ್ದರು.

ಶಹಾಪುರದ ಹಳೇ ಊರಿನಲ್ಲಿ ನಮ್ಮದು ಬಾಡಿಗೆ ಮನೆ. ರಸ್ತೆಗೆ ಮುಖ ಮಾಡಿ ಸಾವ್ಕಾರ್ರ ಎರಡು ಅಂತಸ್ತಿನ ಮನೆ. ಅದರ ಹಿಂದಿನ ಅಂಗಳದಲ್ಲಿ ಒಂದರ ಗೋಡೆ ಇನ್ನೊಂದಕ್ಕೆ ಅಂಟಿಕೊಂಡ ಬಾಡಿಗೆ ಮನೆಗಳ ಸಾಲು. ಸಾಲಿಗೆಲ್ಲ ಕರೆಂಟ್ ಬರುವುದು ಸಾವ್ಕಾರ್ರ ಮೆಟ್ಟಿಲ ಕೆಳಗಿನ ಒಂದು ಗೂಡಿನಿಂದ. ನಮ್ಮೆಲ್ಲರ ಮೀಟರು, ಫ್ಯೂಸು, ಎಲ್ಲಕ್ಕೂ ಸೇರಿ ಇರುವ ಒಂದೇ ಮೇನ್ ಸ್ವಿಚ್ಚು, ಎಲ್ಲ ಅದರೊಳಗೆ. ಗೂಡಿಗೆ ಹಳೆಯ ಮರದ ಬಾಗಿಲು, ಬಾಗಿಲಿಗೆ ಕೀಲಿ, ಕೀಲಿಯ ಚಾವಿ ಸಾವ್ಕಾರ್ರ ಉಡದಾರದಲ್ಲಿ. ಯಾರಾದರೂ ಬಾಡಿಗೆ ತಡ ಮಾಡಿದರೆ ಅವರು ಬೈಯುತ್ತಿರಲಿಲ್ಲ. ಗೂಡು ತೆರೆದು ಆ ಮನೆಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ತಮ್ಮ ದವಸದ ಅಡತ್ ಅಂಗಡಿಗೆ ಹೋಗಿಬಿಡುತ್ತಿದ್ದರು. ನಮ್ಮ ಕಡೆಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಫ್ಯಾನಿಲ್ಲದೆ ಬೆಂದವರು ಸಂಜೆಗೆ ತಾವಾಗಿಯೇ ಬಾಡಿಗೆ ತಂದು ಕೊಡುತ್ತಿದ್ದರು. ಕೀಲಿ ಯಾಕೆಂದು ಕೇಳಿದರೆ ಮಾತ್ರ ‘ಸಣ್ಣ ಹುಡುಗ್ರು ಇರೂ ಜಾಗಾರಿ, ಕೈಗೀಯಿ ಹಾಕಿದ್ರ ಹ್ಯಾಂಗ?’ ಎಂದು ನಗುತ್ತಿದ್ದರು.

ನಾನು ಕೆಂಭಾವಿ ಕಡೆಯ ಒಂದು ಶಾಲೆಯಲ್ಲಿ ಕಲಿಸುತ್ತೇನೆ. ಮದುವೆಯಾಗಿ ಈ ಮನೆಗೆ ಸಾಮಾನು ತಂದ ದಿನ ಒಲೆಯ ಮೇಲೆ ಹಾಲಿಟ್ಟು ಉಕ್ಕುವುದನ್ನು ಕಾಯುತ್ತಿದ್ದೆ. ಒಬ್ಬ ಎತ್ತರದ ಹೆಂಗಸು, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡವರು, ಹೇಳದೆ ಕೇಳದೆ ಒಳಗೆ ಬಂದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

‘ಮೇನ್ ಎಲ್ಲದ?’ ಅಂದರು.

‘ಸಾವ್ಕಾರ್ರ ಹತ್ತಿರ ಅದ ಅಂತ್ರಿ’ ಅಂದೆ.

‘ಹಂಗಾದ್ರ ಇನ್ನ ಸಾಯೂದಿದ್ರೂ ಸಾವ್ಕಾರ್ರ ಮನ್ಯಾಗ ಇದ್ದಾಗ ಸಾಯಿ. ಅವ್ರು ಊರಿಗಿ ಹೋದಾಗ ಸಾಯಬ್ಯಾಡ’ ಎಂದು ಹೇಳಿ ಹೋದರು. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಶುಭದ ದಿನ ಇಂಥ ಮಾತಾಡಿದ್ದಕ್ಕೆ ನನ್ನ ಅತ್ತೆ ವಾರವಿಡೀ ಆಕೆಯನ್ನು ಶಪಿಸಿದರು. ನನಗೂ ಸಿಟ್ಟು ಬಂದಿತ್ತು. ಅಂದು ಬಂದ ಸಿಟ್ಟು ಆಕೆಯ ಮೇಲೆ ಆಗಾಗ ಬರುತ್ತಲೇ ಇತ್ತು ಅನ್ನುವುದನ್ನೂ ಮುಚ್ಚಿಡುವುದಿಲ್ಲ. ಸುಲಭದ ಹೆಂಗಸಲ್ಲ ಆಕೆ.

ಕಕ್ಕೇರಾ ಕಡೆಯವರು, ನಮ್ಮ ಸಾಲಿನಲ್ಲೇ ಬಾಡಿಗೆಗಿದ್ದರು. ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ, ಅದರಲ್ಲೂ ಬಹಳ ಕಾಲ ಸುಟ್ಟ ಗಾಯದವರ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಮದುವೆ ಯಾಕಾಗಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ ‘ಪುರಸೊತ್ತು ಸಿಗಲಿಲ್ಲ’ ಅಂದಿದ್ದರು. ಚುರುಮುರಿ ಸೂಸಲ ಅಂದರೆ ಪ್ರಾಣ. ಚಹಾವನ್ನು ಸ್ಟೀಲಿನ ದೊಡ್ಡ ಲೋಟದಲ್ಲಿ, ಬಾಯಿ ಸುಡುವಷ್ಟು ಬಿಸಿ ಇರುವಾಗಲೇ ಕುಡಿಯುತ್ತಿದ್ದರು. ಯಾರ ಮನೆಗಾದರೂ ಊಟಕ್ಕೆ ಕರೆದರೆ ಮೊದಲು ಗೋಡೆ ನೋಡುತ್ತಿದ್ದರು, ಆಮೇಲೆ ಎಲೆ. ಪ್ಲಗ್ ಇಲ್ಲದೆ ಎರಡು ಬರಿಯ ತಂತಿಯನ್ನು ಸಾಕೆಟ್ಟಿಗೆ ತುರುಕಿ ಕಡ್ಡಿ ಚುಚ್ಚಿ ಕೂಲರ್ ಹಚ್ಚಿದ್ದು ಕಂಡರೆ ಎದ್ದು ಹೋಗಿಬಿಡುವರು. ಬೀಗರ ಮುಂದೆ ಎಷ್ಟೋ ಮನೆಯವರಿಗೆ ಹೀಗೆ ಮಾನ ಹೋಗಿದೆ.

ಒಮ್ಮೆ ನಾನು ಜಗಳಕ್ಕೇ ನಿಂತೆ. ‘ನೀವೇನು ಎಂಜಿನಿಯರ್ ಏನ್ರಿ? ಎಲ್ಲಾರಿಗೂ ಹೆದರಸ್ಕೋತ ಅಡ್ಯಾಡ್ತೀರಿ’ ಅಂದೆ.

ಆಕೆ ಎರಡೂ ಕೈ ನನ್ನ ಮುಖದ ಮುಂದೆ ಹಿಡಿದರು. ‘ನಂಗ ಕರೆಂಟ್ ತಿಳಿಯಂಗಿಲ್ಲ ಟೀಚರ್. ಕರೆಂಟ್ ಹೊಡದ ಮಂದೀನ ಕಂಡೀನಿ. ಅವರ ಮೈ ತೊಳದ ಕೈ ಇವು. ಮ್ಯಾಲ ಒಂದು ಸಣ್ಣ ಕಲಿ ಇರ್ತದ, ಒಳಗ ಎಲುಬಿನ ತನಕ ಬೆಂದಿರ್ತದ. ಮನಿಯವ್ರು ಏನಂತಾರ ಗೊತ್ತೇನು? ಬಟನ್ ಎಲ್ಲಿತ್ತೋ ಗೊತ್ತಾಗಲಿಲ್ರಿ ಅಂತಾರ. ಅವರ ಮನಿ ಬಟನ್, ಅವರಿಗೇ ಗೊತ್ತಿಲ್ಲ!’

ಆಮೇಲೆ ನಾನು ಜಗಳ ತೆಗೆಯಲಿಲ್ಲ. ಒಪ್ಪಿದೆ ಅಂತಲ್ಲ.

ನಮ್ಮ ಮಂದಿಗೆ ಕರೆಂಟಿನ ಬೋರ್ಡು ಅಂದರೆ ಒಂದೋ ಗೂಟ, ಇಲ್ಲವೇ ದೇವರು. ಗೂಟವಾದರೆ ಅದಕ್ಕೆ ಕ್ಯಾಲೆಂಡರು, ಛತ್ರಿ, ಕೈಚೀಲ ತೂಗುಹಾಕುತ್ತಾರೆ. ದೇವರಾದರೆ ದಸರೆಯ ಖಂಡೇ ಪೂಜೆಯ ದಿನ ಅದಕ್ಕೆ ಅರಿಶಿನ ನೀರು ಚಿಮುಕಿಸಿ, ಕುಂಕುಮ ಹಚ್ಚಿ, ಸಂದಿಯಲ್ಲಿ ಊದಿನಕಡ್ಡಿ ಸಿಕ್ಕಿಸಿ, ಚೆಂಡುಹೂವಿನ ಮಾಲೆ ಹಾಕಿ ಕೈ ಮುಗಿಯುತ್ತಾರೆ. ಒಂದು ವರ್ಷ ನರ್ಸಮ್ಮ ಪೂಜೆಯ ಹೊತ್ತಿಗೇ ಸಾಲಿನ ಮನೆಗಳಿಗೆಲ್ಲ ನುಗ್ಗಿ ಮಾಲೆ ಕಿತ್ತರು. ‘ದೇವ್ರು ಜಗಲಿ ಮ್ಯಾಲ ಅದಾನ. ಅವನ ಮ್ಯಾಲ ಕೊಡಾ ನೀರು ಸುರೀರಿ, ಅವಗೇನೂ ಆಗಂಗಿಲ್ಲ. ಇದಕ್ಕ ಹನಿ ನೀರು ಬ್ಯಾಡ’ ಎಂದು ಕೂಗಾಡಿದರು. ಹಬ್ಬದ ದಿನ ಹೂವು ಕಿತ್ತ ಪಾಪಿ ಎಂದು ಮಂದಿ ಬಹಳ ದಿನ ಆಡಿಕೊಂಡರು. ಆದರೆ ಮರುವರ್ಷ ನೀರು ಚಿಮುಕಿಸುವುದು ನಿಂತಿತು, ಆಕೆ ಬರುವರೆಂಬ ಹೆದರಿಕೆಗೆ.

ಆಕೆಯ ಇನ್ನೊಂದು ಹುಚ್ಚು ಅಂದರೆ ತಾಲೀಮು. ಹೆಂಗಸರು ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿರುವಾಗ ಇದ್ದಕ್ಕಿದ್ದಂತೆ ಗೋಡೆಗೆ ಒರಗಿ, ಕೈ ಸೆಟೆಸಿ, ‘ಹಿಡೀತು! ಕರೆಂಟ್ ಹಿಡೀತು!’ ಎಂದು ಕಿರುಚುವರು. ಮೊದಲ ಸಲ ಎಲ್ಲರೂ ಮೊರ ಬಿಸಾಕಿ ಓಡಿಹೋಗಿ ಆಕೆಯನ್ನು ಹಿಡಿದುಕೊಂಡರು. ಆಕೆ ನೆಟ್ಟಗೆ ನಿಂತು ಒಬ್ಬೊಬ್ಬರಿಗೇ ಬೆರಳು ಮಾಡಿದರು. ‘ನೀ ಸತ್ತಿ. ನೀನೂ ಸತ್ತಿ. ನೀ ಅಂತೂ ಕೂಸಿನ ಸಮೇತ ಸತ್ತಿ. ಹಿಡದವ್ರನ ಹಿಡೀಬಾರದು. ಮೊದಲ ಮೇನ್ ಬಂದ್! ಅದು ಆಗದಿದ್ರ ಒಣ ಕಟ್ಟಿಗಿ. ಕಾಲಾಗ ಚಪ್ಪಲಿ. ಆಮ್ಯಾಲ ಎದಿ ಒತ್ತೂದು.’ ಎಲ್ಲರ ಮನೆಯ ಬಾಗಿಲ ಹಿಂದೆ ಒಂದು ಒಣ ಕೋಲು, ಒಂದು ಬಕೀಟು ಉಸುಕು, ಕೈಗೆ ಸಿಗುವ ಕಡೆ ಬ್ಯಾಟರಿ ಇಡಿಸಿದರು. ಉಸುಕಿನ ಬಕೀಟಿನಲ್ಲಿ ಬೆಕ್ಕು ಹೇಲುತ್ತದೆ ಎಂದು ನಾವು ಗೊಣಗಿದೆವು. ಬೆಕ್ಕಿಗೂ ಬೈದರು.

ಆದರೆ ‘ಮೊದಲ ಮೇನ್ ಬಂದ್’ ಎಂದು ಕಲಿತ ಹೆಂಗಸರು ಓಡಿ ಹೋಗಿ ಮುಟ್ಟಬೇಕಾದದ್ದು ಕೀಲಿ ಹಾಕಿದ ಬಾಗಿಲನ್ನು. ತಾಲೀಮು ಪ್ರತಿ ಸಲವೂ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಸಾವ್ಕಾರ್ರು ಮಹಡಿಯಿಂದ ನೋಡಿ ನಗುತ್ತಿದ್ದರು.

ಇನ್ನೊಂದು ಕತೆ ಹೇಳದಿದ್ದರೆ ನನ್ನ ಸಿಟ್ಟು ಬರೀ ಸಾವ್ಕಾರ್ರ ಮೇಲೆ ಎಂದು ತಪ್ಪು ತಿಳಿದೀರಿ. ಆ ಗೂಡಿನಲ್ಲಿ ಹಿಂದೆ ಒಂದು ಟ್ರಿಪ್ ಸ್ವಿಚ್ ಇತ್ತಂತೆ. ಎಲ್ಲಾದರೂ ಕರೆಂಟ್ ನೆಲಕ್ಕೆ ಸೋರಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ತಾನೇ ಲೈನ್ ಬಂದ್ ಮಾಡುವಂಥದ್ದು. ನಮ್ಮಲ್ಲಿ ನಳಕ್ಕೆ ನೀರು ಬರುವುದು ದಿನವೂ ಅಲ್ಲ. ಬಂದ ದಿನ ಪ್ರತಿ ಮನೆಯೂ ಒಂದೊಂದು ಸಣ್ಣ ಮೋಟಾರನ್ನು ನಳಕ್ಕೆ ಕಟ್ಟಿ ಪಕ್ಕದ ಮನೆಯ ಪಾಲನ್ನೂ ಎಳೆಯಲು ನೋಡುತ್ತದೆ. ಹಳೇ ಮೋಟಾರು, ತೇಪೆ ಹಾಕಿದ ವೈರು, ಕಾಲ ಕೆಳಗೆ ತೊಯ್ದ ಶಹಾಬಾದ್ ಫರಸಿಕಲ್ಲು. ಟ್ರಿಪ್ ಬೀಳದೆ ಇನ್ನೇನಾಗುತ್ತದೆ? ನೀರು ಬಂದಾಗಲೇ ಕರೆಂಟ್ ಹೋಗುತ್ತದೆ ಎಂದು ಸಾಲಿನವರೆಲ್ಲ ಸಾವ್ಕಾರ್ರ ಮನೆಗೆ ಹೋಗಿ ತಕರಾರು ಮಾಡಿದರಂತೆ. ಸಾವ್ಕಾರ್ರು ವೈರ್‌ಮನ್‌ನನ್ನು ಕರೆಸಿ ಅದನ್ನು ಕಿತ್ತು ತಂತಿಗೆ ತಂತಿ ಜೋಡಿಸಿದರಂತೆ. ಅಂದು ಓಣಿಯಲ್ಲಿ ಅವರಿಗೆ ಬಹಳ ಒಳ್ಳೆಯ ಹೆಸರು ಬಂತಂತೆ. ಇದು ನಾನು ಬರುವುದಕ್ಕೂ, ನರ್ಸಮ್ಮ ಬರುವುದಕ್ಕೂ ಮುಂಚಿನ ಮಾತು. ನರ್ಸಮ್ಮ ಬಂದವರೇ ತಮ್ಮ ಮನೆಗೆ ಮಾತ್ರ ತಮ್ಮ ಖರ್ಚಿನಲ್ಲಿ ಒಂದು ಟ್ರಿಪ್ ಸ್ವಿಚ್ ಹಾಕಿಸಿಕೊಂಡರು. ನೀವೂ ಹಾಕಿಸಿಕೊಳ್ಳಿ ಎಂದು ಪ್ರತಿ ಮನೆಗೂ ಹೇಳಿದರು. ‘ಬ್ಯಾಡ್ರಿ ನರ್ಸಮ್ಮ, ಅದು ಬಾಳ ಬೀಳ್ತದ’ ಎಂದರು ಎಲ್ಲರೂ.

ಹಲೀಮಾಳನ್ನು ಕರೆಂಟ್ ಹಿಡಿದದ್ದು ನೀರು ಬಂದ ಒಂದು ಬೆಳಿಗ್ಗೆ. ಬಳೆ ಮಾರುವ ಹುಡುಗಿ, ಸಾಲಿನ ಕೊನೆಯ ಮನೆ. ಗಂಡ ಸೈದಾಪುರದ ಹತ್ತಿರ ಕಡೇಚೂರಿನ ಫ್ಯಾಕ್ಟರಿಯಲ್ಲಿದ್ದು ವಾರಕ್ಕೊಮ್ಮೆ ಬರುವವನು. ನಾನು ಕೊಡ ಹಿಡಿದು ಹೊರಗೆ ಬಂದಾಗ ಆಕೆ ಬಾಗಿಲ ಕಿರಿದಾದ ಸಂದಿಯಲ್ಲಿ ಮೋಟಾರಿನ ಮೇಲೆ ಬಾಗಿ ಕೂತಿದ್ದಳು. ಮಾತಾಡಿಸಿದೆ, ಮಾತಿಲ್ಲ. ತುಟಿ ನೀಲಿಯಾಗಿತ್ತು, ಮೈ ಸಣ್ಣಗೆ ನಡುಗುತ್ತಿತ್ತು. ಆಕೆಯ ಅತ್ತೆ ‘ಯಾ ಅಲ್ಲಾ’ ಎಂದು ಓಡಿ ಬಂದಳು. ಎಲ್ಲಿದ್ದರೋ ನರ್ಸಮ್ಮ, ಆ ಮುದುಕಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದು ಕೆಡವಿದರು.

‘ಯಾರೂ ಮುಟ್ಟಬ್ಯಾಡ್ರಿ! ಟೀಚರ್, ಚಪ್ಪಲಿ ಹಾಕ್ಕೋ, ಕೋಲು ತಗೋ, ಆ ಕೈ ಮ್ಯಾಲ ಬಡಿ!’

ಪ್ಲಗ್ಗು ಇದ್ದದ್ದು ಒಳಗೆ, ಹಲೀಮಾಳ ಆಚೆ. ಆಕೆಯನ್ನು ತಾಗದೆ ಒಳಗೆ ಹೋಗಲು ದಾರಿಯಿರಲಿಲ್ಲ. ನಾನು ಬಡಿದೆ. ಬಳೆಗಳು ಒಡೆದವು, ಮಣಿಕಟ್ಟಿನಿಂದ ರಕ್ತ ಬಂತು, ಬೆರಳು ಮಾತ್ರ ಬಿಚ್ಚಲಿಲ್ಲ. ಅಷ್ಟರಲ್ಲಿ ಒಬ್ಬಾಕೆ ಸಾವ್ಕಾರ್ರ ಮನೆಗೆ ಓಡಿಹೋಗಿ ಬಂದಳು. ಸಾವ್ಕಾರ್ರು ಸುರಪುರಕ್ಕೆ ಮದುವೆಗೆ ಹೋಗಿದ್ದಾರೆ, ಚಾವಿ ಅವರ ಜೊತೆಗೇ ಹೋಗಿದೆ. ನರ್ಸಮ್ಮ ಮಸಾಲೆ ಅರೆಯುವ ಗುಂಡುಕಲ್ಲು ಎತ್ತಿಕೊಂಡು ಗೂಡಿನ ಕಡೆ ಓಡಿದರು. ಆ ವಯಸ್ಸಿನಲ್ಲಿ, ಆ ನೋಯುವ ಮೊಣಕಾಲು ಇಟ್ಟುಕೊಂಡು ಅವರು ಓಡಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕಲ್ಲು ಕೀಲಿಗೆ ಬಿದ್ದ ಸದ್ದು ಕೇಳಿತು, ಮತ್ತೆ ಕೇಳಿತು. ಸಾಲಿನ ಫ್ಯಾನುಗಳೆಲ್ಲ ನಿಂತವು. ಹಲೀಮಾ ಪಕ್ಕಕ್ಕೆ ಉರುಳಿದಳು.

ಉಸಿರಿರಲಿಲ್ಲ. ನರ್ಸಮ್ಮ ಬಂದು ಫರಸಿಯ ಮೇಲೆ ಮೊಣಕಾಲೂರಿ ಆಕೆಯ ಎದೆ ಒತ್ತತೊಡಗಿದರು. ಪಕ್ಕೆಲುಬು ಲಟ್ಟೆಂದದ್ದು ನಮಗೆಲ್ಲ ಕೇಳಿಸಿತು. ‘ಮುರದ್ರ ಮುರೀಲಿ, ಎಲುಬು ಕೂಡ್ತದ’ ಎಂದು ಗುರುಗುಟ್ಟುತ್ತ ಒತ್ತಿದರು. ಆಂಬುಲೆನ್ಸ್ ಬರುವ ಹೊತ್ತಿಗೆ ಹಲೀಮಾ ಕೆಮ್ಮಿದಳು. ನರ್ಸಮ್ಮ ಅಲ್ಲೇ ಗೋಡೆಗೆ ಒರಗಿ ಕೂತು, ತೊಯ್ದ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಂಜೆ ಸಾವ್ಕಾರ್ರು ಬಂದರು. ಹುಡುಗಿ ಹೇಗಿದ್ದಾಳೆ ಎಂದು ಕೇಳಲಿಲ್ಲ.

‘ಕೀಲಿ ಯಾರು ಒಡದ್ರು?’

‘ನಾ ಒಡದೀನಿ’ ಅಂದರು ನರ್ಸಮ್ಮ.

‘ಒಬ್ರ ಮನಿ ಕೀಲಿ ಒಡಿಯೂದು ಅಂದ್ರ ಅದು ಕಳವು ಅಲ್ಲೇನ್ರಿ?’

‘ಏನು ಕದ್ದೀನ್ರಿ? ಒಂದು ಹೆಣ ಬೀಳೂದಿತ್ತು, ಅದನ್ನ ಕದ್ದೀನಿ. ಬೇಕಾದ್ರ ವಾಪಸ್ ಕೇಳ್ರಿ.’

ಇದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಮರುದಿನದ ಸಂಗತಿ. ಸಾಲಿನ ಗಂಡಸರೆಲ್ಲ ಸೇರಿ ಸಾವ್ಕಾರ್ರ ಮನೆಗೆ ಹೋಗಿ, ನರ್ಸಮ್ಮನ ಪರವಾಗಿ, ಆಕೆಯನ್ನು ಕೇಳದೆಯೇ, ತಪ್ಪಾಯಿತೆಂದು ಹೇಳಿ ಬಂದರು. ವಯಸ್ಸಾದಾಕಿ, ತಲೆ ಸರಿಯಿಲ್ಲ, ಹೊಟ್ಟೆಗೆ ಹಾಕ್ಕೋರಿ, ಅಂದರಂತೆ. ಮನೆ ಬಿಡಿಸಿಯಾರು ಎಂಬ ಭಯ. ಅದರ ಜೊತೆಗೆ, ಟ್ರಿಪ್ ಸ್ವಿಚ್ ಮತ್ತೆ ಹಾಕಿಸಬೇಡಿರಿ, ನೀರಿನ ದಿನ ತ್ರಾಸಾಗುತ್ತದೆ ಎಂದೂ ಬೇಡಿಕೊಂಡು ಬಂದರು. ಹಲೀಮಾ ಇನ್ನೂ ಆಸ್ಪತ್ರೆಯಲ್ಲಿದ್ದಳು! ಆ ಗುಂಪಿನಲ್ಲಿ ನನ್ನ ಗಂಡನೂ ಇದ್ದ. ಅವನ ಜೊತೆ ನಾನು ಬಹಳ ದಿನ ಮಾತು ಬಿಟ್ಟಿದ್ದೆ, ಈಗಲೂ ಆ ಮಾತು ಬಂದರೆ ಅವನು ಎದ್ದು ಹೊರಗೆ ಹೋಗುತ್ತಾನೆ. ಸಾವ್ಕಾರ್ರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು. ಗೂಡಿಗೆ ಅಂಗೈಯಗಲದ ಹೊಸ ಕೀಲಿ ಬಂತು, ಕಲ್ಲಿಗೆ ಜಗ್ಗದಂಥದ್ದು.

ನರ್ಸಮ್ಮ ವಿದ್ಯುತ್ ಕಚೇರಿಗೆ ಹೋದರು. ಮೀಟರ್ ತನಕ ನಮ್ಮದು, ಬಾಗಿಲು ಮಾಲೀಕರದು ಎಂದು ಅಲ್ಲಿ ಹೇಳಿದರು. ಠಾಣೆಗೆ ಹೋದರು. ಯಾರೂ ಸತ್ತಿಲ್ಲವಲ್ಲಮ್ಮ ಎಂದರು ಅಲ್ಲಿ. ಅಂದಿನಿಂದ ಆಕೆ ಹಿಡಿದದ್ದು ಒಂದೇ ದಾರಿ. ದಿನಾ ಬೆಳಿಗ್ಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಸಾವ್ಕಾರ್ರು ಕಟ್ಟೆಯ ಮೇಲೆ ಕೂತು ಹಲ್ಲುಜ್ಜುವ ಹೊತ್ತಿಗೆ ಸರಿಯಾಗಿ ಅವರ ಮುಂದೆ ನಿಂತು ಕೈ ಚಾಚುವರು.

‘ಸಾವ್ಕಾರ್ರ, ಚಾವಿ.’

ಅಷ್ಟೇ ಮಾತು. ಅವರು ಮೊದಮೊದಲು ಸಿಟ್ಟಾದರು, ಆಮೇಲೆ ನಕ್ಕರು, ಕೊನೆಗೆ ಬಂದವರಿಗೆಲ್ಲ ತಮಾಷೆಯಾಗಿ ತೋರಿಸತೊಡಗಿದರು. ಓಣಿಯವರೂ ನಕ್ಕರು. ‘ಚಾವಿ ಸಿಕ್ತೇನ್ರಿ ನರ್ಸಮ್ಮ?’ ಎಂದು ಅಂಗಡಿಯಲ್ಲಿ ಕೂತವರು ಕೆಣಕುವರು. ‘ನಿನ್ನ ಹೆಂಡ್ತೀನ ಹಿಡದ ದಿನ ಸಿಗ್ತದ, ತಡಿ’ ಎಂದು ಆಕೆ ಉತ್ತರಿಸುವರು. ಜ್ವರವಿದ್ದರೂ ಹೋಗುವರು. ಒಂದು ದಿನ ನಾನು ‘ಕೊಡೂದಿಲ್ಲಂತ ಗೊತ್ತದಲ್ರಿ, ಯಾಕ ಹೋಗ್ತೀರಿ?’ ಅಂದೆ. ‘ನಾ ಕೇಳೂದು ಬಿಟ್ರ, ಅವ್ರು ಕೊಟ್ಟಂಗ ಆಗ್ತದ’ ಅಂದರು.

ಸತ್ತ ದಿನವೂ ಕೇಳಿ ಬಂದಿದ್ದರಂತೆ. ಬಂದು, ಚಹಾ ಕಾಸಿಕೊಂಡು, ಬಾಗಿಲಲ್ಲಿ ಕೂತವರು ಹಾಗೇ ಒರಗಿಬಿಟ್ಟರು. ಹೃದಯ ನಿಂತಿತ್ತು. ನನಗೆ ಶಾಲೆಗೆ ಫೋನ್ ಬಂತು. ಕೆಂಭಾವಿಯಿಂದ ಬಸ್ಸು ಹಿಡಿದು ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು, ಬಿಸಿಲು ಬೆಂಕಿಯಂತಿತ್ತು.

ಕಕ್ಕೇರಾದಿಂದ ನರ್ಸಮ್ಮನ ನಾದಿನಿ, ಅಂದರೆ ತಮ್ಮನ ಹೆಂಡತಿ, ಮತ್ತು ಆಕೆಯ ಮಕ್ಕಳು ಬರುವ ತನಕ ಇಡಬೇಕೆಂದು ಸಾವ್ಕಾರ್ರು ಮುಂದೆ ನಿಂತು ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ತರಿಸಿದ್ದರು. ಅಂಗಳದ ಫರಸಿಯ ಮೇಲೆ ಪೆಟ್ಟಿಗೆ, ಗಾಜಿನ ಕೆಳಗೆ ನರ್ಸಮ್ಮ, ಸುತ್ತ ಅದರಿಂದ ಸೋರಿದ ನೀರು. ಪಕ್ಕದಲ್ಲಿ ಮಂದಿಯ ಸಣ್ಣ ಸಾಲು. ಒಬ್ಬೊಬ್ಬರೇ ಬಂದು ಪೆಟ್ಟಿಗೆ ಮುಟ್ಟಿ, ಬೆಚ್ಚಿ ಕೈ ತೆಗೆದು, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಒಬ್ಬ ಮುದುಕ ನನ್ನ ಕಡೆ ತಿರುಗಿ ಗದ್ಗದಿತನಾಗಿ ಹೇಳಿದ. ‘ಮುಟ್ಟಿ ನೋಡ್ರಿ ಟೀಚರ್, ಜುಮ್ ಅಂತದ. ಅಕ್ಕನ ಜೀವ ಇನ್ನಾ ಇಲ್ಲೇ ಅದ.’

ನಾನು ಕೈ ಮುಂದೆ ಮಾಡಿದೆನೋ ಇಲ್ಲವೋ, ಹಿಂದಿನಿಂದ ಯಾರೋ ಸೆರಗು ಹಿಡಿದು ಜಗ್ಗಿದರು. ಹಲೀಮಾ. ಮುಖದಲ್ಲಿ ರಕ್ತವಿರಲಿಲ್ಲ.

‘ಟೀಚರ್, ಅದು ಅಕ್ಕ ಅಲ್ಲ. ಕರೆಂಟ್. ಆ ಜುಮ್ ನಂಗ ಗೊತ್ತದ. ಎಲ್ಲಾರಿಗೂ ಹೇಳಾಕತ್ತೀನಿ, ಯಾರೂ ಕೇಳವಲ್ಲರು.’

ಆಮೇಲೆ ಕೇಳಿ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯ ವೈರನ್ನು ಮೊದಲು ನರ್ಸಮ್ಮನ ಮನೆಗೇ ಹಚ್ಚಿದ್ದರು. ಹಚ್ಚಿದ ಕೂಡಲೇ ಆಕೆಯ ಟ್ರಿಪ್ ಸ್ವಿಚ್ ಬಿತ್ತು. ಎತ್ತಿದರು, ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. ಪೆಟ್ಟಿಗೆ ಕೆಟ್ಟಿದೆ, ಮುಟ್ಟಬೇಡಿ ಎಂದು ಆ ಸ್ವಿಚ್ಚು ಇನ್ನೇನು ಬಾಯಿ ಬಿಟ್ಟು ಹೇಳಬೇಕಿತ್ತೇ? ನಮ್ಮ ಮಹನೀಯರು ‘ಮುದುಕಿ ಸ್ವಿಚ್ ಕೆಟ್ಟದ’ ಎಂದು ತೀರ್ಮಾನಿಸಿದರು. ಸಾವ್ಕಾರ್ರು ಉದಾರಿಗಳು. ‘ನಮ್ಮ ಮೇನಿಂದ ಡೈರೆಕ್ಟ್ ಕೊಡ್ತೀನಿ’ ಎಂದು ಗೂಡು ತೆರೆದು, ವೈರ್‌ಮನ್‌ನಿಂದ ತಂತಿಗೆ ತಂತಿ ಜೋಡಿಸಿ, ಮತ್ತೆ ಕೀಲಿ ಹಾಕಿ, ಯಾವನೋ ಪುಢಾರಿಯನ್ನು ಮಾಲೆ ಹಾಕಿಸಲು ಕರೆತರುತ್ತೇನೆಂದು ಯಾದಗಿರಿಗೆ ಹೋಗಿದ್ದರು. ಚಾವಿ ಎಲ್ಲಿ ಹೋಗಿತ್ತೆಂದು ಹೇಳಬೇಕಾಗಿಲ್ಲ.

ನಾನು ಕೂಗಿದೆ, ಹಲೀಮಾ ಕೂಗಿದಳು. ಗಂಡಸರು ನಮ್ಮನ್ನೇ ಗದರಿಸಿದರು. ಸತ್ತ ಮನೆಯಲ್ಲಿ ಇದೆಂಥ ಗದ್ದಲ ಅಂದರು. ಅಷ್ಟರಲ್ಲಿ ಟಂಟಂ ಆಟೋ ಒಂದು ಬಂದು ನಿಂತಿತು. ಕಕ್ಕೇರಾದ ನಾದಿನಿ ಇಳಿದರು. ಭಾರೀ ಆಳು, ಬರಿಗಾಲು, ಬಿಸಿಲಿಗೆ ತಲೆಗೆ ನೀರು ಹಾಕಿಕೊಂಡು ಬಂದಿದ್ದರು, ಸೀರೆ ತೊಯ್ದಿತ್ತು. ‘ಯವ್ವಾ, ನನ್ನ ಬಿಟ್ಟು ಹೋದ್ಯಾ’ ಎಂದು ಎರಡೂ ಕೈ ಚಾಚಿ ಪೆಟ್ಟಿಗೆಯನ್ನು ತಬ್ಬಲು ಓಡಿ ಬಂದರು. ಬರಿಗಾಲಲ್ಲಿ, ನೀರಿನಲ್ಲಿ, ಎದೆಗೊತ್ತಿ ತಬ್ಬಿದರೆ ಜುಮ್ ಎನ್ನುವುದರಲ್ಲಿ ಅದು ನಿಲ್ಲುತ್ತಿರಲಿಲ್ಲ.

ಹಲೀಮಾ ಅಡ್ಡ ಬಿದ್ದು ಅವರ ಸೊಂಟ ಹಿಡಿದಳು. ಆ ಹೆಂಗಸು ಆಕೆಯ ಬೆನ್ನಿಗೆ ಗುದ್ದಿದರು. ‘ನಮ್ಮಕ್ಕನ ಮುಟ್ಟಬ್ಯಾಡ ಅನ್ನಾಕ ನೀ ಯಾರ ಬೇ?’ ಎಂದು ಕಿರುಚಿದರು. ಗಂಡಸರು ಹಲೀಮಾಳನ್ನು ಎಳೆಯಲು ಬಂದರು. ಆಕೆ ಬಿಡಲಿಲ್ಲ, ತಲೆ ತಗ್ಗಿಸಿ ಗುದ್ದು ತಿನ್ನುತ್ತ ನೆಲಕ್ಕೆ ಕಾಲೂರಿ ನಿಂತಳು. ‘ಟೀಚರ್, ಮೇನ್!’ ಅಂದಳು.

ಸಾಲಿನ ಹೆಂಗಸರೆಲ್ಲ ಒಂದೇ ಸಲ ಗೂಡಿನ ಕಡೆ ಓಡಿದೆವು. ಯಾರೂ ಯಾರಿಗೂ ಹೇಳಲಿಲ್ಲ. ಆ ಕಾಲುಗಳಿಗೆ ಅಭ್ಯಾಸವಾಗಿತ್ತು. ದೊಡ್ಡ ಕೀಲಿ ಕಲ್ಲಿಗೆ ಜಗ್ಗದು ಎಂದು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಕೀಲಿಯನ್ನು ಯಾರೂ ಮುಟ್ಟಲಿಲ್ಲ. ಒಬ್ಬಾಕೆ ಹಾರೆ ತಂದಳು. ಇನ್ನೊಂದು ಬದಿಯಲ್ಲಿ ಬಾಗಿಲು ತಿರುಗುವ ಬಿಜಾಗರಿಯ ಸಂದಿಗೆ ಅದನ್ನು ತೂರಿಸಿ ಎಲ್ಲರೂ ಮೈಭಾರ ಹಾಕಿ ಒತ್ತಿದೆವು. ಗೆದ್ದಲು ತಿಂದ ಚೌಕಟ್ಟು ಬಿರಿಯಿತು. ಬಾಗಿಲು ಕೀಲಿಯ ಸಮೇತ ನಮ್ಮ ಮೇಲೆ ಬಿತ್ತು. ನಾನು ಮೇನ್ ಎಳೆದೆ.

ಹಿಂತಿರುಗಿ ನೋಡಿದಾಗ ನಾದಿನಿ ಹಲೀಮಾಳನ್ನು ಕೊಡವಿಕೊಂಡು ಪೆಟ್ಟಿಗೆಯ ಮೇಲೆ ಬಿದ್ದು ಅಳುತ್ತಿದ್ದರು. ಏನೂ ಆಗಲಿಲ್ಲ. ಏನೂ ಆಗದ್ದರಿಂದಲೇ ಗಂಡಸರು ನಮ್ಮನ್ನು ಬೈಯಲು ಶುರು ಮಾಡಿದರು. ಏನೂ ಇರಲಿಲ್ಲ, ಸುಮ್ಮನೆ ಬಾಗಿಲು ಕಿತ್ತಿರಿ, ಈಗ ಪೆಟ್ಟಿಗೆ ಬಂದ್ ಆಯಿತು, ಈ ಬಿಸಿಲಿಗೆ ಹೆಣ ಕೆಡುತ್ತದೆ, ಕರೆಂಟ್ ಹಚ್ಚಿರಿ ಅಂದರು. ನನ್ನ ಗಂಡ ಗೂಡಿನ ಕಡೆ ಹೆಜ್ಜೆ ಇಟ್ಟ.

ನಾನು ಹಾರೆ ಹಿಡಿದು ಗೂಡಿನ ಬಾಯಿಗೆ ನಿಂತೆ. ‘ಮುಂದ ಬಾ, ನೋಡೋಣು’ ಅಂದೆ. ಮದುವೆಯಾದ ಮೇಲೆ ಅವನನ್ನು ಏಕವಚನದಲ್ಲಿ, ಮಂದಿಯ ಮುಂದೆ ಮಾತಾಡಿಸಿದ್ದು ಅದೇ ಮೊದಲು. ಅವನು ನಿಂತ.

ಹಲೀಮಾ ಮೀನಿನ ಬಜಾರಿಗೆ ಹೋಗಿ, ಹೊಳೆಯ ಮೀನು ಮಾರುವ ಹೆಂಗಸರಿಂದ ಐಸಿನ ಬಂಡೆಗಳನ್ನು ಹೊಟ್ಟು ಸುತ್ತಿ ಆಟೋದಲ್ಲಿ ಹಾಕಿಸಿಕೊಂಡು ಬಂದಳು. ಐಸು ಹರವಿ ಮೇಲೆ ಮಲಗಿಸಲು ಅಗಲವಾದ ಹಲಗೆ ಬೇಕಿತ್ತು. ಕೈಗೆ ಸಿಕ್ಕದ್ದು ಆ ಬಾಗಿಲು. ಅದನ್ನೇ ಕಟ್ಟೆಯ ಮೇಲೆ ಹಾಸಿ, ಚೀಲ ಹೊದಿಸಿ, ಐಸಿಟ್ಟು ನರ್ಸಮ್ಮನನ್ನು ಮಲಗಿಸಿದೆವು. ಮೀನಿನ ವಾಸನೆ ಬರುತ್ತಿತ್ತು. ಬರಲಿ ಅಂದರು ನಾದಿನಿ, ಅಷ್ಟು ಹೊತ್ತಿಗೆ ಅವರಿಗೆ ಎಲ್ಲ ತಿಳಿಸಿ ಹೇಳಿದ್ದೆವು. ಅವರು ಹಲೀಮಾಳ ಬೆನ್ನು ಸವರುತ್ತ ಕೂತಿದ್ದರು.

ಸಾವ್ಕಾರ್ರು ಪುಢಾರಿಯ ಜೊತೆ ಮಾಲೆ ಹಿಡಿದು ಬಂದದ್ದು ಎತ್ತುವ ಹೊತ್ತಿಗೆ. ಮೊದಲು ಗೂಡು ನೋಡಿದರು, ಆಮೇಲೆ ಹೆಣದ ಕೆಳಗೆ ನೋಡಿದರು. ಬಾಗಿಲಿನ ಒಂದು ಅಂಚಿಗೆ ಆ ದೊಡ್ಡ ಕೀಲಿ ಇನ್ನೂ ನೇತಾಡುತ್ತಿತ್ತು. ಅವರ ಬಾಯಿ ತೆರೆಯಿತು. ಪುಢಾರಿ ಪಕ್ಕದಲ್ಲೇ ಇದ್ದ, ಊರೆಲ್ಲ ನೋಡುತ್ತಿತ್ತು. ಬಾಯಿ ಮುಚ್ಚಿತು.

‘ಬ್ಯಾರೆ ಚಟ್ಟ ಯಾಕ, ಇದ ಚಲೋ ಅದ. ಎತ್ರಿ’ ಅಂದರು ನಾದಿನಿ. ಗಂಡಸರು ಬಾಗಿಲಿಗೆ ಹೆಗಲು ಕೊಟ್ಟರು. ಸಾವ್ಕಾರ್ರೂ ಕೊಟ್ಟರು, ಕೊಡದೆ ಇರುವಂತಿರಲಿಲ್ಲ. ಐಸಿನ ನೀರು ಅವರ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಸುರಿಯುತ್ತಿತ್ತು. ನಾವು ಹೆಂಗಸರು ಓಣಿಯ ಕೊನೆಯ ತನಕ ಹೋಗಿ ನಿಂತೆವು.

ಮಣ್ಣು ಕೊಟ್ಟು ಬಂದರು. ಬಾಗಿಲು ಅಲ್ಲೇ ಉಳಿಯಿತು. ಹೆಣ ಹೊತ್ತದ್ದನ್ನು ಮನೆಗೆ ತರುವ ಪದ್ಧತಿ ನಮ್ಮಲ್ಲಿಲ್ಲ. ಮರುದಿನ ಸಾವ್ಕಾರ್ರು ಹೊಸ ಬಾಗಿಲಿಗೆ ಅಳತೆ ತೆಗೆಯಲು ಬಡಿಗನನ್ನು ಕರೆಸಿದರು. ಆದರೆ ಅವರ ಹೆಂಡತಿ ಮೆಟ್ಟಿಲ ಮೇಲೆ ನಿಂತು ಒಪ್ಪಲೇ ಇಲ್ಲ. ಹೆಣದ ಜೊತೆ ಹೋದ ಬಾಗಿಲಿನ ಜಾಗಕ್ಕೆ ಇನ್ನೊಂದು ಬಾಗಿಲು ಹಚ್ಚಿದರೆ ಅದೂ ಒಂದು ಹೆಣ ಕೇಳುತ್ತದೆ ಎಂದು ಅವರ ನಂಬಿಕೆ. ಸಾವ್ಕಾರ್ರ ಮುಖ ಬಿಳಿಚಿತು. ಬಡಿಗ ಟೇಪು ಸುತ್ತಿಕೊಂಡು ಹೋದ.

ಹಲೀಮಾಳ ನೀಲಿ ತುಟಿಯ ಸುದ್ದಿ ಕೇಳಿ ಹೆದರದ ಮನುಷ್ಯ ಇದಕ್ಕೆ ಹೆದರಿದ. ಅಷ್ಟು ದಿನ ಕೈ ಚಾಚಿ ನಿಂತಾಗ ಕೊಡದವರು, ಆಕೆ ಸತ್ತು ಆ ಬಾಗಿಲ ಮೇಲೆ ಮಲಗಿ ಹೋದ ಮೇಲೆ ಸುಮ್ಮನಾದರು. ನಮ್ಮ ಮೇನ್ ಈಗ ತೆರೆದಿದೆ, ಯಾರ ಕೈಗೂ ಸಿಗುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಮಾಧಾನವಾಗಬೇಕು. ಸಿಟ್ಟೇ ಬರುತ್ತದೆ.